ಅಂಗೈ ಅಳತೆ

ಏಪ್ರಿಲ್ಲು. ಹನ್ನೊಂದೂ ಮುಕ್ಕಾಲು.
ಚಾಮರಾಜಪೇಟೆಯ ಮಸ್ಟರಿಂಗ್ ಜಾಗದಲ್ಲಿ
ಅರವತ್ತೊಂದು ಜನ, ಒಂದು ಬಿಳಿ ಗೋಡೆ, ನಾನು.
ಗುರುತಿನ ಚೀಟಿಗೆ ಫೋಟೊ.
ತಲೆಗೆ ಹನ್ನೆರಡು ರೂಪಾಯಿ,
ನೆರಳಿಗೆ ಬೇರೆ ದುಡ್ಡಿಲ್ಲ.

ಸೂರ್ಯ ನೆತ್ತಿಯ ಮೇಲೆ ನಿಂತು
ಒಬ್ಬೊಬ್ಬರ ಹುಬ್ಬಿನ ಕೆಳಗೂ
ಎರಡೆರಡು ಗುಳಿ ತೋಡಿದ್ದಾನೆ.
ಮೂಗಿನ ನೆರಳು ತುಟಿಯ ಮೇಲೆ ಮೀಸೆಯಾಗಿದೆ,
ಹೆಂಗಸರಿಗೂ.

ಮೊದಲ ಹತ್ತು ಹಾಳು.
ಗೋಡೆಯ ಬೆಳಕಿಗೆ ಬೆದರಿ ಕ್ಯಾಮೆರಾ
ಕಣ್ಣು ಕಿರಿದು ಮಾಡಿಕೊಂಡಿತು.
ಕೇಸರಿ ಕೋಟು ಬಂತು,
ಕೋಟಿನ ಮಿಂಚುಪಟ್ಟಿ ಬಂತು,
ಗೋಡೆಗೆ ಯಾರೋ ಉಗಿದ ಎಲೆಯಡಿಕೆಯೂ ಬಂತು.
ಮುಖ ಬರಲಿಲ್ಲ.

ಪೆಂಚಲಮ್ಮ ಸೆರಗಿನ ಗಂಟು ಬಿಚ್ಚಿ
ಹಳೆಯ ಚೀಟಿ ಕೊಟ್ಟಳು.
ಹೆಸರು ಸರಿ, ರಕ್ತದ ಗುಂಪು ಸರಿ,
ಫೋಟೊ ಇರಬೇಕಾದಲ್ಲಿ ಕೋಟು ತೊಟ್ಟ ಮಸಿ.
"ಆಸ್ಪತ್ರೆ ಗೇಟಲ್ಲಿ ಕೇಳ್ದ ಸಾರ್,
ಇದು ನೀನೇ ಅಂತ ಏನು ಗ್ಯಾರಂಟಿ ಅಂತ.
ಏನಂತ ಹೇಳ್ಳಿ?"

ಆಮೇಲೆ ಹೊಂಗೆಮರ ತೋರಿಸಿದಳು.
"ಅಲ್ಲಿ ಹೋಗಿ. ಮೂರು ಗಂಟೆ ತನಕ ನೆರಳು ಅಲ್ಲಾಡಲ್ಲ.
ಇಪ್ಪತ್ತೆರಡು ವರ್ಷದಿಂದ ಅದ್ರ ಬುಡ ಗುಡಿಸಿದೀನಿ."

ಹೋದೆವು. ಗುಳಿಗಳು ತುಂಬಿಕೊಂಡವು.
ಆದರೆ ಹೊಸ ಚಿಗುರಿನ ಹಸಿರೆಲ್ಲ ಕೆನ್ನೆಗಿಳಿದು
ಇಡೀ ಸಾಲಿಗೆ ಕಾಯಿಲೆ ಹತ್ತಿದಂತೆ.
ನೆರಳಿನ ಅಂಚಿಗೆ, ಬಿಸಿಲಿನ ಗೆರೆಗೆ
ಇನ್ನೊಂದು ಹೆಜ್ಜೆ, ಇನ್ನೊಂದು, ಸಾಕು.
ಆದಿಲಕ್ಷ್ಮಿ ಖಾಲಿ ಬ್ಲೀಚಿಂಗ್ ಪೌಡರ್ ಚೀಲ
ಒಳಮೈ ಹೊರಗೆ ಮಾಡಿ ಎದೆಮಟ್ಟಕ್ಕೆ ಹಿಡಿದಳು.
ಹಿಡಿದ ಕೂಡಲೆ
ಗದ್ದದ ಕೆಳಗೆ ಬೆಳಕು ಹರಿಯಿತು,
ಮೂಗುಬೊಟ್ಟಿಗೆ ಜೀವ ಬಂತು.
ಮೂವರು ಸೀನಿದರು.

ಇನ್ನು ಅಳತೆ.
ಕಾಟನ್‌ಪೇಟೆಯ ಸ್ಟುಡಿಯೋದಲ್ಲಿ
ಟೀಯನ್ನು ಬಸಿಗೆ ಸುರಿದುಕೊಳ್ಳುತ್ತ
ಖಲಂದರ್ ಸಾಹೇಬರು ಹೇಳುತ್ತಿದ್ದರು:
ಮೀಟರಿಗೆ ಲೆಕ್ಕ ಗೊತ್ತು, ಜನ ಗೊತ್ತಿಲ್ಲ.
ಅದಕ್ಕೆ ಮಲ್ಲಿಗೆಯೂ ಬೂದಿ, ಇದ್ದಿಲೂ ಬೂದಿ.
ಅನುಮಾನ ಬಂದರೆ ಅಂಗೈ ಅಳಿ.
ಮುಖ ನೂರು ಬಣ್ಣ ಇರಬಹುದು ಬೇಟಾ,
ಅಂಗೈ ಎಲ್ಲರದೂ ಹೆಚ್ಚುಕಮ್ಮಿ ಒಂದೇ.
ಅಳೆದು, ಒಂದು ಸ್ಟಾಪು ಜಾಸ್ತಿ ಕೊಡು.
ಆಗ ನನಗೆ ಹದಿನೇಳು.
ಡೆವಲಪರ್ ವಾಸನೆಯ ನನ್ನ ಅಂಗೈ ನೋಡಿಕೊಂಡು ನಕ್ಕಿದ್ದೆ.

"ಕೈ ತೋರಿಸಿ" ಅಂದೆ.
"ಶಾಸ್ತ್ರಾನೂ ಹೇಳ್ತಾರಾ?"
ಸಾಲೆಲ್ಲ ನಕ್ಕಿತು. ಪೆಂಚಲಮ್ಮ ನಗಲಿಲ್ಲ, ಚಾಚಿದಳು.
ಪೊರಕೆ ಹಿಡಿದು ಹೆಬ್ಬೆರಳ ಬುಡ ದಡ್ಡುಗಟ್ಟಿದೆ,
ಆಯುಷ್ಯರೇಖೆ ಎಲ್ಲಿಗೆ ಹೋಯಿತೋ ಕಾಣದು.
ಆದರೂ ಅಂಗೈ ಅಂಗೈಯೇ.
ಅಳೆದೆ. ಒಂದು ಸ್ಟಾಪು ಬಿಟ್ಟುಕೊಟ್ಟೆ.
ಹಿಂದಿನ ಆಕಾಶ ಸುಟ್ಟು ಬೆಳ್ಳಗಾಯಿತು.
ಹೋಗಲಿ, ಅದಕ್ಕೆ ಯಾವ ಗೇಟಿನಲ್ಲೂ ಚೀಟಿ ಕೇಳುವುದಿಲ್ಲ.

ಮುಖ ಬಂತು.
ಕಪ್ಪು ಬಂತು, ಕಪ್ಪಿನೊಳಗಿನ ತಾಮ್ರ ಬಂತು,
ಎಡಹುಬ್ಬಿನ ಹಳೆಯ ಗಾಯ,
ಕಿವಿಯ ಹತ್ತಿರ ಒಂದು ಎಳೆ ನರೆ.

ಸಂಜೆ ಆಫೀಸಿನ ಗುಮಾಸ್ತ ಕೇಳುತ್ತಾನೆ,
ಸ್ವಲ್ಪ ಬೆಳ್ಳಗೆ ಮಾಡಿ ಕೊಡಿ ಎಂದು.
ಅದಕ್ಕೊಂದು ಗುಂಡಿ ಇದೆ.
ಛತ್ರಗಳಲ್ಲಿ ಎಷ್ಟೋ ಮದುಮಕ್ಕಳ ಮೇಲೆ ಒತ್ತಿದ್ದೇನೆ,
ಕೇಳಿದಷ್ಟು ದುಡ್ಡು ಎಣಿಸಿಕೊಂಡು.
ಇವತ್ತು ಏನು ಹೇಳುತ್ತೇನೋ ಗೊತ್ತಿಲ್ಲ.

"ತೋರ್ಸಿ" ಅಂದಳು.
ಕ್ಯಾಮೆರಾ ಕೈಗೆ ಕೊಟ್ಟೆ.
ಗಾಜಿನಲ್ಲಿ ಹೊಂಗೆಯ ಕೊಂಬೆ, ಮೇಲೊಂದು ಹದ್ದು,
ನಡುವೆ ಅವಳು.
ಕಿರುಬೆರಳಿನಿಂದ ಬೊಟ್ಟು ಸರಿಮಾಡಿಕೊಂಡಳು,
ಬಲಕ್ಕೆ ತಿರುಗಿದಳು, ಎಡಕ್ಕೆ ತಿರುಗಿದಳು.
"ಈಗ ಸರಿ ಬಂತು ನೋಡಿ."

ಪರದೆ ಆರಿ ಅರ್ಧ ನಿಮಿಷವಾಗಿತ್ತು.
ನಾನು ಹೇಳಲಿಲ್ಲ.
ಮುಂದಿನವರು ಬನ್ನಿ,
ಕೈ ತೋರಿಸಿ.